ಸಂಜೆ ಬೇಲಿಯ ಬಳಿ ಕೂಗುತ್ತಿದ್ದವರು

ಅವರು ಯಾವ ವಸ್ತುವನ್ನೂ ಮೊದಲ ಸಲ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬಾಗಿಲ ಚಿಲಕವಾಗಲಿ, ಚಹಾದ ಲೋಟವಾಗಲಿ, ಅಂಗಡಿಯಿಂದ ತಂದ ಹಲಸಿನ ಹಣ್ಣಾಗಲಿ, ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು ಬಲಗೈ ಬೆರಳುಗಳ ಹಿಂಬದಿಯಿಂದ ಒಮ್ಮೆ ಸವರಿ, ಕ್ಷಣ ತಡೆದು, ಆಮೇಲಷ್ಟೇ ಹಿಡಿಯುತ್ತಿದ್ದರು. ಮನೆ ಬಾಡಿಗೆಗೆ ಕೇಳಲು ಹೋದ ದಿನ ನಾನು ಕೈಕುಲುಕಲು ಕೈ ಚಾಚಿದಾಗಲೂ ಹಾಗೆಯೇ ಮಾಡಿದರು. ನನ್ನ ಅಂಗೈಗೆ ಅವರ ಬೆರಳ ಗೆಣ್ಣುಗಳು ತಣ್ಣಗೆ ತಾಗಿ ಹಿಂದೆ ಸರಿದವು. ಎಷ್ಟೋ ದಿನಗಳ ನಂತರ ಕಾರಣ ಕೇಳಿದೆ. ವಿದ್ಯುತ್ತು ಹರಿಯುವ ಲೋಹವನ್ನು ಅಂಗೈಯಿಂದ ಮುಟ್ಟಿದರೆ ಬೆರಳುಗಳು ಮಡಚಿಕೊಂಡು ಅದನ್ನೇ ಬಿಗಿಯುತ್ತವೆ, ಹಿಂಬದಿಯಿಂದ ಮುಟ್ಟಿದರೆ ಕೈ ತಾನಾಗಿ ಸಿಡಿದು ದೂರವಾಗುತ್ತದೆ, ಎರಡೂ ಕೈ ತಾಗಿಸಿದರೆ ವಿದ್ಯುತ್ತು ಎದೆಯನ್ನು ದಾಟಿ ಹೋಗುತ್ತದೆ ಎಂದು ವಿವರಿಸಿದರು. ಆಮೇಲೆ ತಮ್ಮ ಗದಗಿನ ಕಡೆಯ ಕನ್ನಡದಲ್ಲಿ, "ಮುಟ್ಟೂದು ಬ್ಯಾರೆ, ಹಿಡಿಯೂದು ಬ್ಯಾರೆ, ತಂಗಿ," ಎಂದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪರೀಕ್ಷೆಗಳಿಲ್ಲದ, ಪ್ರಶ್ನೆಗಳೇ ಪಾಠವಾಗಿದ್ದ ಒಂದು ಶಾಲೆಯಲ್ಲಿ ಓದಿದವಳು ನಾನು. ಕಂಡ ಅನ್ಯಾಯಕ್ಕೆ ಹೆಸರಿಡದೆ ಅದರ ಎದುರು ನಿಲ್ಲಲಾಗದು ಎಂದು ಅಲ್ಲಿ ಕಲಿತೆ, ಇಂದಿಗೂ ಅದನ್ನು ನಂಬುತ್ತೇನೆ. ಆದ್ದರಿಂದ ಈ ಒಂದು ಹೆಸರನ್ನು ಯಾಕೆ ಬಿಡುತ್ತಿದ್ದೇನೆ ಎಂಬುದನ್ನು ಮುಂದೆ ಹೇಳಬೇಕಾಗುತ್ತದೆ.

ತಿರುವನಂತಪುರದ ಹೊರವಲಯದಲ್ಲಿ, ಕಳಕ್ಕೂಟಂನಿಂದ ಒಳಗೆ ಹೋಗುವ ಬಸ್ಸಿನ ಕೊನೆಯ ನಿಲ್ದಾಣದಿಂದ ಸ್ವಲ್ಪ ದೂರ ಏರು ಹತ್ತಿದರೆ ಅವರ ಮನೆ. ಮಹಡಿಯಲ್ಲಿ ನಾನು ಮೂರು ವರ್ಷ ಇದ್ದೆ. ಅವರು ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಪರೀಕ್ಷಾ ಶೆಡ್ಡಿನಲ್ಲಿ ತಂತ್ರಜ್ಞರಾಗಿ ಕೆಲಸದ ವಯಸ್ಸನ್ನೆಲ್ಲ ಕಳೆದು, ನಿವೃತ್ತರಾದ ಮೇಲೂ ಇಲ್ಲಿಯೇ ನೆಲೆನಿಂತವರು. ಮಕ್ಕಳಿರಲಿಲ್ಲ. ನಾನು ಅಲ್ಲಿಗೆ ಹೋಗುವ ಮೂರು ವರ್ಷ ಮೊದಲೇ ಹೆಂಡತಿ ತೀರಿಕೊಂಡಿದ್ದರು. ಸುತ್ತಲಿನವರಿಗೆಲ್ಲ ಅವರು 'ಸಾರ್'. ಮೈಸೂರಿನವಳಾದ ನಾನು 'ಅಂಕಲ್' ಎಂದಾಗ ಅವರಿಗೆ ಹಿಡಿಸಲಿಲ್ಲ. 'ಕಾಕಾ' ಎನ್ನಲು ಹೇಳಿದರು, ಹಾಗೆಯೇ ಕರೆದೆ.

ಆಗ ನಾನು ಐಟಿ ಪಾರ್ಕಿನ ಕೆಲಸವನ್ನು ಬಿಟ್ಟು, ಕೊಚ್ಚಿಯ ಒಂದು ಸಣ್ಣ ಸಂಘಟನೆಗೆ ಸೇರಿದ್ದೆ. ಕಾಡುಹಂದಿಗಳನ್ನು ತಡೆಯಲೆಂದು ಮನೆಯ ಲೈನಿನಿಂದ ನೇರವಾಗಿ ಬೇಲಿಗೆ ವಿದ್ಯುತ್ತು ಹರಿಸುವ ಅಕ್ರಮದ ವಿರುದ್ಧ ನಮ್ಮ ಹೋರಾಟ. ಅಂಥ ತಂತಿ ತಗುಲಿ ಸತ್ತ ಮನುಷ್ಯರ ಪಟ್ಟಿಯನ್ನು, ಹೆಸರು, ಊರು ಮತ್ತು ವಿದ್ಯುತ್ತು ಹರಿಸಿದವರ ವಿವರಗಳೊಂದಿಗೆ, ತಯಾರಿಸುವುದು ನನ್ನ ಪಾಲಿನ ಕೆಲಸ. ಸತ್ತವರು ಹೆಚ್ಚಾಗಿ ಮುಂಜಾನೆ ರಬ್ಬರ್ ಹಾಲು ತೆಗೆಯಲು ಹೋದವರು, ಹಸು ಹುಡುಕಲು ಹೋದವರು, ಪಕ್ಕದ ಮನೆಯವರು. ಅಧಿಕೃತ ಕಾಗದಗಳಲ್ಲಿ ಅವರೆಲ್ಲ 'ಅಪಘಾತ'ದಲ್ಲಿ ತೀರಿಕೊಂಡವರು. ಸ್ವಿಚ್ಚನ್ನು ಒಂದು ಕೈ ಒತ್ತಿದೆ ಎಂಬುದನ್ನು ಆ ಪದ ಅಳಿಸಿಹಾಕುತ್ತದೆ.

ಹಂದಿಗಳು ಆ ಏರಿಗೆ ತಾವಾಗಿ ಬಂದವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮನೆಯ ಹಿಂದಿನ ಗುಡ್ಡವನ್ನು ಕಲ್ಲುಕ್ವಾರಿಯವರು ಅರ್ಧ ತಿಂದು ಬಿಟ್ಟುಹೋಗಿದ್ದರು. ಉಳಿದರ್ಧದ ರಬ್ಬರ್ ತೋಟವನ್ನು ಮಾಲೀಕರು ಕೈಬಿಟ್ಟು ಅಲ್ಲಿ ಪೊದೆ ಬೆಳೆದಿತ್ತು. ಕೆಳಗಿನ ರಸ್ತೆಯ ಕಲ್ಯಾಣಮಂಟಪ ಮತ್ತು ಹಾಸ್ಟೆಲುಗಳು ಉಳಿದ ಅನ್ನವನ್ನು ಚೀಲ ಚೀಲವಾಗಿ ಆ ಕ್ವಾರಿಯ ಗುಂಡಿಗೆ ಸುರಿಯುತ್ತಿದ್ದವು. ಹೀಗೆ ಉಣಿಸಿ ಬೆಳೆಸಿದ ಹಿಂಡನ್ನು ಆಮೇಲೆ ನಾವು ಉಪದ್ರವ ಎಂದು ಕರೆದೆವು.

ಅವರ ಬೇಲಿ ಅಚ್ಚುಕಟ್ಟಾಗಿತ್ತು. ಐದು ಸಾಲು ತಂತಿ, ಪ್ರತಿ ಕಂಬದಲ್ಲೂ ಪ್ಲಾಸ್ಟಿಕ್ ಕೊಳವೆಯನ್ನು ಕತ್ತರಿಸಿ ಮಾಡಿದ ನಿರೋಧಕ, ಹತ್ತು ಹೆಜ್ಜೆಗೊಂದು ಕೆಂಪು ಬಟ್ಟೆಯ ಚೂರು. ಮಲಯಾಳ, ಇಂಗ್ಲಿಷ್ ಮತ್ತು ಕನ್ನಡ ಮೂರರಲ್ಲೂ 'ಅಪಾಯ' ಎಂಬ ಹಲಗೆ. ಆ ಊರಿನಲ್ಲಿ ಕನ್ನಡ ಓದಬಲ್ಲವರು ಯಾರೂ ಇರಲಿಲ್ಲ. ಒಳಗೆ ಸುವರ್ಣಗೆಡ್ಡೆ, ಅರಿಶಿನ, ಬಾಳೆ, ಒಂದು ಮಡಿಯಲ್ಲಿ ಗದಗಿನಿಂದ ತಂದ ಬೀಜದ ಪುಂಡಿಪಲ್ಲೆ. ತೋಟ ಹೆಂಡತಿಯದು, ಬೇಲಿ ತಮ್ಮದು ಎನ್ನುತ್ತಿದ್ದರು. ಹೆಂಡತಿಯನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ. ಯಾವಾಗಲೂ 'ನಮ್ಮಾಕಿ'.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಬೇಲಿಯ ಒಳಮಗ್ಗುಲಲ್ಲಿ ಒಂದು ಸುತ್ತು ನಡೆಯುತ್ತಿದ್ದರು. ತೋಟದ ತುದಿಯಲ್ಲಿ ಪಂಪಿನ ಕೋಣೆ, ಅದರ ಗೋಡೆಯ ಮೇಲೆ ಬೇಲಿಯ ಸ್ವಿಚ್ಚಿನ ಪೆಟ್ಟಿಗೆ. ಅಲ್ಲಿ ನಿಂತು ಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗುತ್ತಿದ್ದರು.

"ಲೈನಿನ ಮ್ಯಾಲೆ ಯಾರರ ಅದೀರೇನ?"

ಕೂಗಿ ಸುಮ್ಮನೆ ನಿಲ್ಲುತ್ತಿದ್ದರು. ನಾನು ಮಹಡಿಯ ಕಿಟಕಿಯಿಂದ ನೋಡಿ ಎಣಿಸಿದ್ದೇನೆ: ಹನ್ನೆರಡು ಎಣಿಸುವಷ್ಟು ಹೊತ್ತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮನೆಯ ಕಡೆ ಕಿವಿಗೊಟ್ಟು. ಕೆಳಗಿನ ಮನೆಯೊಳಗೆ ಯಾರೂ ಇರುತ್ತಿರಲಿಲ್ಲ. ಹನ್ನೆರಡು ಮುಗಿದ ಮೇಲೆ ಕೋಣೆಯೊಳಗೆ ಹೋಗಿ, ಹೊರಬಂದು, ಮನೆಗೆ ನಡೆಯುತ್ತಿದ್ದರು. ಒಳಗೆ ಹೋದಾಗ ಸ್ವಿಚ್ ಹಾಕುತ್ತಾರೆ ಎಂದುಕೊಂಡಿದ್ದೆ. ಈ ಕ್ರಮ ಅವರ ಶೆಡ್ಡಿನದು: ಲೈನಿಗೆ ವಿದ್ಯುತ್ತು ಕೊಡುವ ಮೊದಲು ಈ ತುದಿಯಿಂದ ಕೂಗಬೇಕು, ಆ ತುದಿಯಿಂದ ಉತ್ತರ ಬರಬೇಕು, ಉತ್ತರ ಬಾರದೆ ಸ್ವಿಚ್ ಮುಟ್ಟಕೂಡದು. ಇದನ್ನು ಅವರು ಒಮ್ಮೆ ಹೆಮ್ಮೆಯಿಂದ ಹೇಳಿದ್ದರು. ಉತ್ತರ ಕೊಡುವವರಿಲ್ಲದ ಮನೆಯಲ್ಲಿ ಈ ಕ್ರಮ ಹೇಗೆ ನಡೆಯುತ್ತದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ನನ್ನ ಈ ತಪ್ಪನ್ನೂ ಹೆಸರಿಸುತ್ತೇನೆ. ಊರೂರಿನ ಬೇಲಿಗಳನ್ನು ತಪಾಸಣೆ ಮಾಡುತ್ತಿದ್ದವಳು ನನ್ನ ಕಿಟಕಿಯ ಕೆಳಗಿನ ಬೇಲಿಯನ್ನು ಸುಮಾರು ಮೂರು ವರ್ಷ ತಪಾಸಣೆ ಮಾಡಲಿಲ್ಲ. ಎರಡನೆಯ ವಾರದಲ್ಲಿ ಒಮ್ಮೆ ಕೇಳಿದ್ದೆ. "ನಂದು ಕೊಲ್ಲೂ ಬೇಲಿ ಅಲ್ಲ," ಎಂದರು. ಅಷ್ಟಕ್ಕೇ ಒಪ್ಪಿಕೊಂಡೆ. ಅವರು ಭಾನುವಾರ ರೊಟ್ಟಿ ತಟ್ಟಿ ಪುಂಡಿಪಲ್ಲೆಯ ಜೊತೆ ಮಹಡಿಗೆ ಕಳಿಸುತ್ತಿದ್ದರು, ನನ್ನೊಡನೆ ಕನ್ನಡ ಮಾತಾಡುವ ಒಬ್ಬರೇ ಮನುಷ್ಯರು ಅವರು. ಭಾಷೆಯ ನಂಟಿಗಾಗಿ ನಾನು ಒಂದು ಬೇಲಿಯನ್ನು ಕಾಣದಂತೆ ಮಾಡಿಕೊಂಡೆ. ಜಾತಿಗಾಗಿ, ಪಕ್ಷಕ್ಕಾಗಿ ಹಾಗೆ ಮಾಡುವವರನ್ನು ನಾನು ಸಭೆಗಳಲ್ಲಿ ಖಂಡಿಸುತ್ತಿದ್ದೆ.

ಪಕ್ಕದ ಜಾಗದಲ್ಲಿ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ದುಡಿಯುವ ಒಬ್ಬ ಹೆಂಗಸಿದ್ದಳು, ಅಲ್ಲಿಯವರು ಅಕ್ಕನಿಗೆ ಹೇಳುವಂತೆ ನಾನು ಆಕೆಯನ್ನು 'ಚೇಚಿ' ಎನ್ನುತ್ತಿದ್ದೆ. ಆಕೆಯ ಮರಗೆಣಸನ್ನು ಹಂದಿಗಳು ವಾರಕ್ಕೊಮ್ಮೆ ಅಗೆದು ಹೋಗುತ್ತಿದ್ದವು. ಸಾರ್ ಅವರ ಬೇಲಿ ಹಂದಿಗಳನ್ನು ತನ್ನ ಕಡೆ ತಿರುಗಿಸಿದೆ ಎಂದು ನೇರವಾಗಿಯೇ ಹೇಳುತ್ತಿದ್ದಳು. ಅದು ನಿಜವೂ ಆಗಿತ್ತು. ಒಂದು ಬೆಳಿಗ್ಗೆ ಆಕೆ ನನ್ನನ್ನು ಕರೆದು ಬೇಲಿಯ ಹೊರಗಿನ ನೆಲವನ್ನು ತೋರಿಸಿದಳು. ಹಸಿಮಣ್ಣಿನಲ್ಲಿ ಗೊರಸಿನ ಗುರುತುಗಳು ನೂರಾರು, ದೊಡ್ಡವು, ಮರಿಗಳವು. ಎಲ್ಲವೂ ತಂತಿಗೆ ಒಂದು ಗೇಣು ದೂರದಲ್ಲಿ, ನೂಲು ಹಿಡಿದು ಎಳೆದ ಹಾಗೆ, ನಿಂತಿದ್ದವು. ಸುವರ್ಣಗೆಡ್ಡೆಯ ಎಲೆಗಳು ತಂತಿಯ ನಡುವಿನಿಂದ ಹೊರಗೆ ಚಾಚಿದ್ದವು. ಹೊರಗಿದ್ದ ಆ ಎಲೆಗಳನ್ನೂ ಯಾವ ಹಂದಿಯೂ ಕಚ್ಚಿರಲಿಲ್ಲ. ತಂತಿಗೆ ಹೆದರಿವೆ ಎಂದೆ ನಾನು.

"ಕಂಬಿಯಲ್ಲ, ಮೋಳೇ," ಎಂದಳು ಆಕೆ, ಮಗಳೇ ಎಂದು ಕರೆದು. ತಂತಿಗೆ ಹೆದರಿದ ಪ್ರಾಣಿಯಾದರೆ ದೂರ ಓಡಬೇಕು, ಇವು ಬಂದು ಸಾಲಾಗಿ ನಿಂತು ಒಳಗೆ ನೋಡುತ್ತವೆ, ಸಂಜೆ ಸಾರ್ ಕೂಗುವಾಗ ತಾನೇ ಕಂಡಿದ್ದೇನೆ ಎಂದಳು. ನಾನು ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದೆ. ಅಂದು ಸಂಜೆ ಕಿಟಕಿಯಿಂದ ಹೊರಗೆ, ರಬ್ಬರ್ ಮರಗಳ ಕತ್ತಲಿಗೆ, ಕಣ್ಣು ಹಾಯಿಸಿದೆ. ಅವರು ಕೂಗಿದರು. ಮರಗಳ ಬುಡದಲ್ಲಿ ಕಲ್ಲುಗಳೆಂದು ನಾನು ದಿನವೂ ನೋಡುತ್ತಿದ್ದವುಗಳಲ್ಲಿ ಒಂದು ಕಿವಿ ಅಲ್ಲಾಡಿಸಿತು.

ಮೂರನೆಯ ವರ್ಷದ ಮಳೆಗಾಲ ಮುಗಿದ ಮೇಲೆ, ಕೊನೆಗೂ, ತಪಾಸಣೆಯ ನಮೂನೆಯನ್ನು ಹಿಡಿದು ಅವರ ಮುಂದೆ ಕೂತೆ. ಬೇಲಿಗೆ ವಿದ್ಯುತ್ತು ಕೊಡುವ ಯಂತ್ರ ಅನುಮತಿ ಪಡೆದದ್ದೇ, ಅಥವಾ ಮನೆಯಲ್ಲಿ ಮಾಡಿದ್ದೇ ಎಂದು ಕೇಳಿದೆ. ಅವರು ಎದ್ದು, ನನ್ನನ್ನು ಪಂಪಿನ ಕೋಣೆಗೆ ಕರೆದೊಯ್ದು, ಪೆಟ್ಟಿಗೆಯ ಮುಚ್ಚಳವನ್ನು ತೆರೆದರು. ಸ್ವಿಚ್ಚಿನ ಹಿಂದೆ ತಂತಿಗಳಿರಲಿಲ್ಲ. ಕತ್ತರಿಸಿದ ತುದಿಗಳಿಗೆ ಕಪ್ಪು ಟೇಪು ಸುತ್ತಿತ್ತು, ಅದರ ಮೇಲೆ ಜೇಡರ ಬಲೆ.

"ಆರು ವರ್ಷ ಆತು. ಇದರಾಗ ಏನೂ ಇಲ್ಲ," ಎಂದರು.

ಹಾಗಾದರೆ ಹಂದಿಗಳು ಯಾಕೆ ಒಳಗೆ ಬರುವುದಿಲ್ಲ ಎಂದೆ. ಅವುಗಳಿಗೆ ನೆನಪಿದೆ ಎಂದರು. ಆರು ವರ್ಷದಲ್ಲಿ ಹುಟ್ಟಿದ ಮರಿಗಳಿಗೆ ಯಾವ ನೆನಪು ಎಂದೆ. ತಾಯಿ ಹೇಳಿಕೊಟ್ಟಿರುತ್ತದೆ ಎಂದರು. ತಮಗೂ ಅದಕ್ಕಿಂತ ಹೆಚ್ಚು ಗೊತ್ತಿಲ್ಲ ಎಂದೂ ಸೇರಿಸಿದರು. ಆಮೇಲೆ ಅಲ್ಲಿಯೇ ಪಂಪಿನ ಕಟ್ಟೆಯ ಮೇಲೆ ಕೂತು, ಎಡಗೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡು, ಹೆಂಡತಿ ಹೇಗೆ ಸತ್ತರೆಂಬುದನ್ನು ಹೇಳಿದರು.

ಆ ಬೇಲಿಯ ಯಂತ್ರ ಅವರದೇ ಕೈಯ ಕೆಲಸ. ಅಂಗಡಿಯ ಯಂತ್ರಗಳ ಮೇಲೆ ಅವರಿಗೆ ತಾತ್ಸಾರ. ಮನೆಯ ಲೈನಿನಿಂದಲೇ ವಿದ್ಯುತ್ತು ತೆಗೆದು, ಕ್ಷಣ ಕೊಟ್ಟು ಕ್ಷಣ ಬಿಡುವ ರಿಲೇ ಒಂದನ್ನು ನಡುವೆ ಜೋಡಿಸಿದ್ದರು. ಅದು ಅಪಾಯವೆಂದು ತಿಳಿದಿತ್ತು, ಆದರೆ ತಮ್ಮ ಬಳಿ ಕ್ರಮವಿದೆ ಎಂಬ ಭರವಸೆಯಿತ್ತು. ಶೆಡ್ಡಿನಲ್ಲಿ ಇಷ್ಟು ವರ್ಷ ಯಾರ ಕೂದಲೂ ಕೊಂಕದಂತೆ ಕಾಪಾಡಿದ ಅದೇ ಕ್ರಮ. ಸಂಜೆ ಅವರು ಪಂಪಿನ ಕೋಣೆಯಿಂದ ಕೂಗಬೇಕು. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ತಮ್ಮ ಕಡೆಯ ಬೇಲಿಯನ್ನು ನೋಡಿ, ಯಾರೂ ಇಲ್ಲದಿದ್ದರೆ ಉತ್ತರ ಕೊಡಬೇಕು. ಪರಊರಿನಲ್ಲಿ ಗಂಡನಿಗೆ ಕೂಗಿ ಉತ್ತರಿಸುವುದಕ್ಕೆ ಆಕೆಗೆ ಸಂಕೋಚ. ಅದಕ್ಕಾಗಿ ಗೋಡೆಗೆ ನೇತುಹಾಕಿದ ಸ್ಟೀಲಿನ ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದರು. ಎರಡು ಪೆಟ್ಟು ಎಂದರೆ ಯಾರೂ ಇಲ್ಲ, ಸ್ವಿಚ್ ಹಾಕಬಹುದು. ಒಂದು ಪೆಟ್ಟು ಎಂದರೆ ತಡೆ.

ಆ ಸಂಜೆ ಅವರು ಕೂಗಿದರು. ಎರಡು ಪೆಟ್ಟು ಕೇಳಿಸಿತು. ಸ್ವಿಚ್ ಹಾಕಿದರು.

ಮನೆಗೆ ಬಂದು ನೋಡಿದರೆ ಅಡುಗೆಮನೆಯಲ್ಲಿ ಯಾರೂ ಇಲ್ಲ. ತಟ್ಟೆ ಮೊಳೆಯಲ್ಲಿ ನೇತಾಡುತ್ತಿತ್ತು. ಸೌಟು ಬೇಳೆಯ ಪಾತ್ರೆಯೊಳಗಿತ್ತು. ಹೆಂಡತಿ ಹೊರಗೆ ಅರಿಶಿನದ ಮಡಿಯ ಬಳಿ, ಎರಡನೆಯ ತಂತಿಯನ್ನು ಹಿಡಿದುಕೊಂಡೇ, ಮಂಡಿಯೂರಿದ್ದರು. ರಿಲೇ ಅಂಟಿಕೊಂಡು ವಿದ್ಯುತ್ತು ಬಿಡದೆ ಹರಿದಿತ್ತು.

"ನಾ ಮೊದಲ ಮಾಡಿದ್ದು ಏನ್ ಗೊತ್ತೇನ, ತಂಗಿ? ಲೈನ್ ಆರಿಸಿ, ಯಂತ್ರ ಬಿಚ್ಚಿ ಬಾವಿಗಿ ಒಗದೆ. ಆಮ್ಯಾಲೆ ಮಂದೀನ ಕರದೆ."

ಅಂಗೈಯ ಸುಟ್ಟ ಗುರುತನ್ನು ಅವರು ಅರಿಶಿನ ಬಳಿದು ಮುಚ್ಚಿದರು. ಸುಮಂಗಲಿಯಾಗಿ ಸತ್ತವಳಿಗೆ ಅರಿಶಿನ ಬಳಿಯುವುದನ್ನು ಯಾರು ಪ್ರಶ್ನಿಸುತ್ತಾರೆ? ಹತ್ತಿರದ ವೈದ್ಯರು ಹೃದಯಾಘಾತ ಎಂದು ಬರೆದುಕೊಟ್ಟರು. ಒಬ್ಬ ಹೆಂಗಸು ತನ್ನ ಅಡುಗೆಮನೆಯ ಹಿಂದೆ ಕುಸಿದು ಸತ್ತರೆ ಎರಡನೆಯ ಸಲ ಕೈ ಬಿಡಿಸಿ ನೋಡುವ ಅಗತ್ಯ ನಮ್ಮ ವ್ಯವಸ್ಥೆಗೆ ಕಾಣುವುದಿಲ್ಲ.

ನಾನು ಏನು ಹೇಳಿದೆನೆಂಬುದು ಪೂರ್ತಿ ನೆನಪಿಲ್ಲ. ಇದು ನಿರ್ಲಕ್ಷ್ಯದಿಂದಾದ ಕೊಲೆ, ಮುಚ್ಚಿಟ್ಟದ್ದು ಎರಡನೆಯ ಅಪರಾಧ ಎಂದು ಹೇಳಿದ್ದು ನಿಜ. ಅವರು ಹೌದೆಂಬಂತೆ ತಲೆಯಾಡಿಸಿದರು. ಆಕೆಯ ಹೆಸರು ಪಟ್ಟಿಗೆ ಸೇರಬೇಕು ಎಂದೆ. ಅದಕ್ಕೂ ತಲೆಯಾಡಿಸಿದರು. ಆದರೆ ಒಂದು ವಿಷಯ ತಿಳಿಯದೆ ತಮ್ಮಿಂದ ಬಾಯಿ ಬಿಡಲಾಗದು ಎಂದರು. ಆ ಎರಡು ಪೆಟ್ಟು ನಿಜವಾಗಿ ಕೇಳಿಸಿತ್ತೇ, ಅಥವಾ ದಿನವೂ ಕೇಳುವ ರೂಢಿಯಲ್ಲಿ ತಮ್ಮ ತಲೆಯೊಳಗೇ ಬಡಿದುಕೊಂಡಿತ್ತೇ? ಕೇಳಿಸಿತ್ತಾದರೆ ಬಡಿದವರು ಯಾರು? ಆರು ವರ್ಷದಿಂದ ಪ್ರತಿ ಸಂಜೆ ಅವರು ಕೂಗುತ್ತಿದ್ದದ್ದು ಅದನ್ನು ಕೇಳುವುದಕ್ಕೆ. ಒಮ್ಮೆಯೂ ಉತ್ತರ ಬಂದಿರಲಿಲ್ಲ.

ನಾನು ವಿವರಣೆ ಕೊಟ್ಟೆ. ಆ ಗುಡ್ಡದಲ್ಲಿ ಭೀಮರಾಜ ಹಕ್ಕಿಗಳಿದ್ದವು, ಅವು ಬೇರೆ ಸದ್ದುಗಳನ್ನು ಅನುಕರಿಸುತ್ತವೆ. ದಿನವೂ ಸಂಜೆ ತಟ್ಟೆಯ ಸದ್ದು ಕೇಳಿದ ಹಕ್ಕಿ ಅದನ್ನು ಕಲಿತಿರಬಹುದು. ಇಬ್ಬರು ತರಬೇತಾದವರಿಗಾಗಿ, ನಾಲ್ಕು ಗೋಡೆಗಳೊಳಗೆ ರೂಪಿಸಿದ ಕ್ರಮವನ್ನು ತೆರೆದ ತೋಟಕ್ಕೆ ತಂದದ್ದೇ ತಪ್ಪು, ಉತ್ತರ ಯಾರದೇ ಆಗಿರಲಿ ಸ್ವಿಚ್ಚು ನಿಮ್ಮದು ಎಂದೆ.

"ಹಕ್ಕಿ ಇದ್ದರ ಇರಲಿ. ಖರೆ ಕೇಳಿದ್ನೋ ಇಲ್ಲೋ, ಅದೊಂದು ಗೊತ್ತಾಗಬೇಕು. ನಿನ್ನ ಕಿವಿ ಎಳೇವು. ಸಂಜಿಕ ನನ್ನ ಜೋಡಿ ನಿಂದ್ರತೀಯೇನು?"

ನಿಲ್ಲುವುದಿಲ್ಲ ಎನ್ನಲು ನನ್ನ ಬಳಿ ತತ್ವಗಳು ಬೇಕಾದಷ್ಟಿದ್ದವು. ಆದರೂ ನಿಂತೆ. ಸುಮಾರು ಎರಡು ತಿಂಗಳು, ಕೊಚ್ಚಿಗೆ ಹೋದ ದಿನಗಳನ್ನು ಬಿಟ್ಟು, ಪ್ರತಿ ಸಂಜೆ ಅವರ ಪಕ್ಕದಲ್ಲಿ ನಿಂತು ಹನ್ನೆರಡು ಎಣಿಸಿದೆ. ಕೂಗು ಗೋಡೆಗೆ ಬಡಿದು ಹಿಂದಿರುಗುತ್ತಿತ್ತು, ಅಷ್ಟೇ. ಬೆನ್ನ ಹಿಂದೆ, ತಂತಿಯ ಆಚೆ, ಹಂದಿಗಳ ಉಸಿರಾಟ ಕೇಳುತ್ತಿತ್ತು. ಅವು ಗುಟುರು ಹಾಕುತ್ತಿರಲಿಲ್ಲ, ನೆಲ ಕೆದಕುತ್ತಿರಲಿಲ್ಲ. ನಮ್ಮಂತೆಯೇ ಕಾಯುತ್ತಿವೆ ಎಂಬ ಯೋಚನೆ ಬಂದಾಗಲೆಲ್ಲ ಅದನ್ನು ಅವೈಜ್ಞಾನಿಕವೆಂದು ಪಕ್ಕಕ್ಕಿಡುತ್ತಿದ್ದೆ.

ಆ ದಿನ ಮಳೆಯಿರಲಿಲ್ಲ, ಗಾಳಿಯಿರಲಿಲ್ಲ. ಮನೆಗೆ ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ಅವರು ಜೇಬಿನಲ್ಲಿಟ್ಟುಕೊಂಡದ್ದನ್ನು ನಾನೇ ನೋಡಿದ್ದೆ. ಚೇಚಿ ಹಾಸ್ಟೆಲಿನ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಅವರು ಕೂಗಿದರು. ನಾನು ಎಣಿಸತೊಡಗಿದೆ. ಎಣಿಕೆ ಏಳಕ್ಕೆ ಬಂದಾಗ ಬೆನ್ನ ಹಿಂದಿನ ಉಸಿರಾಟ ನಿಂತಿತು. ಒಂಬತ್ತಕ್ಕೆ, ಅಡುಗೆಮನೆಯ ದಿಕ್ಕಿನಿಂದ, ಲೋಹಕ್ಕೆ ಲೋಹ ತಾಗಿದ ಸದ್ದು ಬಂತು. ಅವಸರವಿಲ್ಲದ ಸದ್ದು. ನಡುವೆ ಒಂದು ಉಸಿರಿನಷ್ಟು ಬಿಡುವು, ಮತ್ತೆ ಇನ್ನೊಂದು.

ಅವರು ನನ್ನ ಕಡೆ ತಿರುಗಲಿಲ್ಲ.

"ಎಷ್ಟು?"

"ಎರಡು," ಎಂದೆ.

"ಏನು ಸದ್ದು?"

"ತಟ್ಟೆ, ಕಾಕಾ."

ಆಗ ಅವರು ಎಡಗೈಯನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ತಂದರು. ಬೇಲಿಯ ಬಳಿ ಹೋಗಿ, ಎರಡನೆಯ ತಂತಿಯನ್ನು, ಎರಡೂ ಅಂಗೈಗಳಿಂದ, ಗೆಣ್ಣುಗಳು ಬಿಳಿಚುವಂತೆ ಬಿಗಿಯಾಗಿ ಹಿಡಿದುಕೊಂಡರು. ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ನನಗೆ ಗೊತ್ತಿತ್ತು, ಕತ್ತರಿಸಿದ ತುದಿಗಳನ್ನು ಕಣ್ಣಾರೆ ಕಂಡಿದ್ದೆ. ಆದರೂ ಅವರ ಕೈ ಬಿಡಿಸಲು ಮುಂದೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ತಂತಿಯ ಆಚೆ, ಅವರ ಮುಖಕ್ಕೆ ಎದುರಾಗಿ, ಒಂದು ಮುದಿ ಹೆಣ್ಣುಹಂದಿ ನಿಂತಿತ್ತು. ಅದು ಮೊದಲು ಹಿಂದೆ ಸರಿಯಿತು. ಅದರ ಹಿಂದೆ ಉಳಿದವೆಲ್ಲ, ಒಂದು ಸದ್ದೂ ಇಲ್ಲದೆ, ಮರಗಳೊಳಗೆ ಹೋದವು.

ಅವರು ತಂತಿ ಬಿಟ್ಟ ಮೇಲೆ ನಾನು ಅವರಿಂದ ಕೀಲಿ ತೆಗೆದುಕೊಂಡು ಓಡಿ ಅಡುಗೆಮನೆಯ ಬಾಗಿಲು ತೆರೆದು ನೋಡಿದೆ. ತಟ್ಟೆ ಮೊಳೆಯಲ್ಲಿತ್ತು, ಅಲುಗುತ್ತಿರಲಿಲ್ಲ. ಮೇಲೆ ಆರು ವರ್ಷದ ಧೂಳು, ಬೆರಳಿನ ಗುರುತೂ ಇಲ್ಲ. ಮರುದಿನ ಬೆಳಿಗ್ಗೆ ಸುತ್ತಲಿನ ಮರಗಳಲ್ಲಿ ಹಕ್ಕಿಗಾಗಿ ಹುಡುಕಿದೆ, ಒಂದು ಭೀಮರಾಜ ಕಂಡಿತು. ಅದು ಯಾವ ತಟ್ಟೆಯ ಸದ್ದನ್ನೂ ಮಾಡಲಿಲ್ಲ. ಅದರದೇ ಸದ್ದು ಆಗಿರಬಹುದೆಂದು ಇಂದಿಗೂ ಹೇಳುತ್ತೇನೆ. ಹೇಳುವಾಗ ಸ್ವರ ಎಲ್ಲಿ ಸಡಿಲವಾಗುತ್ತದೆಂದು ನನಗೆ ಗೊತ್ತಿದೆ.

"ಇನ್ನ ಬರೀ," ಎಂದರು ಅವರು ಅಂದು ಬೆಳಿಗ್ಗೆ.

ನಾನು ಹೇಳಿಕೆಯನ್ನು ಬರೆಯತೊಡಗಿದೆ. 'ವಿದ್ಯುತ್ ತಂತಿ ತಗುಲಿ ಮೃತಪಟ್ಟರು' ಎಂದು ಬರೆದಾಗ ತಡೆದರು. ತಂತಿ ತಾನಾಗಿ ತಗುಲಿತೇ, ಸ್ವಿಚ್ ಹಾಕಿದವರು ಯಾರೆಂದು ಬರೆಯಬೇಡವೇ ಎಂದು ಕೇಳಿದರು. ನಾನು ಬೇರೆಯವರ ಕಾಗದಗಳಲ್ಲಿ ಹುಡುಕುವ ತಪ್ಪನ್ನು ನನ್ನ ಕಾಗದದಲ್ಲಿ ಅವರು ಹಿಡಿದರು. ತಿದ್ದಿ ಬರೆದೆ. ಎರಡು ಪೆಟ್ಟಿನ ವಿಷಯಕ್ಕೆ ಬಂದಾಗ, ಅದನ್ನೂ ಸೇರಿಸೋಣ, ನಾನು ಸಾಕ್ಷಿ ಎಂದೆ.

"ಬ್ಯಾಡ. ಅದು ನನಗ ಬೇಕಾಗಿತ್ತು, ಸಿಕ್ಕಿತು. ಕಾಗದದಾಗ ಬಂದ್ರ ನೆಪ ಆಗತದ."

ಆಕೆಯ ಹೆಸರು ಕೇಳಿದೆ. ಅವರ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವ ರೂಢಿಯಿಲ್ಲ. ಮದುವೆಯ ದಿನ ಹೆಂಗಸರು ಬಾಗಿಲಲ್ಲಿ ಅಡ್ಡಗಟ್ಟಿ, ಒಡಪು ಕಟ್ಟಿ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಅಂದು ಎರಡು ಸಾಲಿನ ಪದ್ಯದೊಳಗೆ ಸೇರಿಸಿ ಹೇಳಿದ್ದು, ಆಮೇಲೆ ಹೇಳಿಲ್ಲ ಎಂದರು. ನಂತರ ಪದ್ಯವಿಲ್ಲದೆ, ಬರಿದಾಗಿ ಹೇಳಿದರು: ಗೌರವ್ವ. ಈ ಹೆಸರನ್ನು ನಾನು ಇಲ್ಲಿ ಮುಚ್ಚಿಡುವುದಿಲ್ಲ. ಅದನ್ನು ಮುಚ್ಚಿಟ್ಟದ್ದು ಸಾಕು.

ಹೇಳಿಕೆಯೊಡನೆ ನಾವಿಬ್ಬರೂ ಪೊಲೀಸ್ ಠಾಣೆಗೆ ಹೋದೆವು. ಅಧಿಕಾರಿ ವಿನಯವಾಗಿ ಕೂರಿಸಿ ಚಹಾ ತರಿಸಿದರು. ಓದಿ ನೋಡಿ, ದೇಹವಿಲ್ಲ, ಆರು ವರ್ಷ ಬಾವಿಯಲ್ಲಿ ಕೊಳೆತ ಯಂತ್ರ ಸಾಕ್ಷಿಯಾಗದು, ದೂರು ಕೊಡುವ ಸಂಬಂಧಿಕರಿಲ್ಲ, ವೈದ್ಯರ ಪ್ರಮಾಣಪತ್ರ ಬೇರೆಯೇ ಹೇಳುತ್ತದೆ ಎಂದರು. ಹೆಂಡತಿ ಹೋದ ದುಃಖದಲ್ಲಿ ಹಿರಿಯರಿಗೆ ಹೀಗೆಲ್ಲ ಅನಿಸುವುದುಂಟು ಎಂದು ನನಗೆ ಮೆಲ್ಲಗೆ ಹೇಳಿ, ಸಾರ್ ಅವರನ್ನು ಮನೆಗೆ ಕರೆದೊಯ್ಯಲು ಸೂಚಿಸಿದರು. ಬಡ ಕೂಲಿಯವನ ಬೇಲಿಯಾಗಿದ್ದರೆ ಅದೇ ಮೇಜಿನ ಮೇಲೆ ಚಹಾ ಬರುತ್ತಿರಲಿಲ್ಲ. ನ್ಯಾಯವನ್ನು ನಿರಾಕರಿಸುವ ಎಷ್ಟೋ ಮೇಜುಗಳ ಎದುರು ನಾನು ಕೂತಿದ್ದೇನೆ. ತಪ್ಪೊಪ್ಪಿಕೊಳ್ಳಲು ಬಂದವನಿಗೂ ಅದನ್ನು ನಿರಾಕರಿಸುವುದನ್ನು ಅಂದೇ ಕಂಡದ್ದು. ಹೊರಗೆ ಬಂದು ನಾನು ಕೂಗಾಡಿದೆ. ಅವರು ರಸ್ತೆ ದಾಟಲು ನನ್ನ ತೋಳು ಹಿಡಿದುಕೊಂಡರು. ಅಂಗೈಯಿಂದ.

ಆ ವಾರವೇ ಬೇಲಿಯನ್ನು ಕಳಚಿದರು. ತಂತಿಯನ್ನು ಸುರುಳಿ ಸುತ್ತಿ, ಕಂಬಗಳನ್ನು ಕಿತ್ತು, ಗುಂಡಿಗಳನ್ನು ಮುಚ್ಚಿದರು. ಹಂದಿಗಳು ಒಳಗೆ ಬರುತ್ತವೆಂದು ನಾನು ಎಚ್ಚರಿಸಿದೆ, ಬರಲಿ ಎಂದರು. ಅವು ಬರಲಿಲ್ಲ. ಬೇಲಿಯಿದ್ದ ಗೆರೆಯ ಒಂದು ಗೇಣು ಆಚೆ, ತಡೆಯುವುದೇನೂ ಇಲ್ಲದ ಬಯಲಿನಲ್ಲಿ, ಗೊರಸಿನ ಗುರುತುಗಳು ಮೊದಲಿನಂತೆ ಸಾಲಾಗಿ ನಿಂತಿದ್ದವು. ಸಂಜೆ ಅವರು ಕೂಗುವುದನ್ನು ಬಿಟ್ಟಿದ್ದರು. ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಅವುಗಳನ್ನು ನೋಡುತ್ತಿದ್ದರು, ಅವೂ ಅವರನ್ನು ನೋಡುತ್ತಿದ್ದವು. ಆ ಎರಡು ನೋಟಗಳ ನಡುವೆ ಬಟ್ಟೆ ಒಣಹಾಕಲು ಹೋಗುವುದಕ್ಕೆ ನನಗೆ ಕಷ್ಟವಾಗುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಸಂಘಟನೆಯ ಕಚೇರಿಗೆ ಹತ್ತಿರವಿರಲೆಂದು ನಾನು ಕೊಚ್ಚಿಯ ಪಕ್ಕದ ಕಳಮಶ್ಶೇರಿಗೆ ಮನೆ ಬದಲಿಸಿದೆ. ಅವರು ತಂಪಾನೂರಿನ ರೈಲು ನಿಲ್ದಾಣದವರೆಗೆ ಬಂದು ರೈಲು ಹತ್ತಿಸಿದರು, ಬುತ್ತಿಗೆ ರೊಟ್ಟಿ ಕೊಟ್ಟರು. ಪಟ್ಟಿಗೆ ಸೇರಿತೇ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ನಾಲ್ಕು ತಿಂಗಳು ವಾರಕ್ಕೊಮ್ಮೆ ಫೋನಿನಲ್ಲಿ ಅದನ್ನೇ ಕೇಳಿದರು, ನಾನು ಅದೇ ಉತ್ತರ ಕೊಟ್ಟೆ. ಪೊಲೀಸ್ ದಾಖಲೆಯಿಲ್ಲದ ಸಾವನ್ನು ಸೇರಿಸಿದರೆ ಇಡೀ ಪಟ್ಟಿಯನ್ನು ಪ್ರಶ್ನಿಸುತ್ತಾರೆ ಎಂಬುದು ನನ್ನ ಸಹೋದ್ಯೋಗಿಗಳ ವಾದ. ದಾಖಲೆಯಾಗದ ಸಾವುಗಳಿಗಾಗಿಯೇ ಪಟ್ಟಿ ಹುಟ್ಟಿದ್ದಲ್ಲವೇ ಎಂಬುದು ನನ್ನದು.

ಈ ವಾದ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಚೇಚಿ ಫೋನ್ ಮಾಡಿದಳು. ಅವರು ಕುರ್ಚಿಯಲ್ಲಿಯೇ ಹೋಗಿದ್ದರು. ತೋಟವೆಲ್ಲ ಅಗೆದು ಹೋಗಿತ್ತಂತೆ, ಅರಿಶಿನ, ಗೆಡ್ಡೆ, ಪುಂಡಿ, ಒಂದು ಬುಡವನ್ನೂ ಬಿಡದೆ. ವರಾಂಡದ ಕೆಂಪು ನೆಲದ ಮೇಲೆ ಮಣ್ಣಿನ ಗೊರಸಿನ ಗುರುತುಗಳು ಕುರ್ಚಿಯ ಸುತ್ತ ಒಂದು ಸುತ್ತು ಬಂದು ಇಳಿದು ಹೋಗಿದ್ದವಂತೆ. ಅವರ ಧೋತರದ ಅಂಚಿಗೂ ಮಣ್ಣು ತಾಗಿರಲಿಲ್ಲ. ಇದನ್ನು ಹೇಳುವಾಗ ಆಕೆ ಅಳುತ್ತಿರಲಿಲ್ಲ, ಬಹಳ ಮೆಲ್ಲಗೆ ಮಾತಾಡುತ್ತಿದ್ದಳು. ಪ್ರಮಾಣಪತ್ರದಲ್ಲಿ ಹೃದಯಾಘಾತ ಎಂದಿದೆ. ಈ ಸಲ ಅದನ್ನು ನಾನು ನಂಬುತ್ತೇನೆ.

ಆ ವಾರದ ಸಭೆಯಲ್ಲಿ ಅವರ ಸಹಿಯಿದ್ದ ಹೇಳಿಕೆಯನ್ನು ಮೇಜಿನ ಮೇಲಿಟ್ಟೆ. ನಮ್ಮ ಪಟ್ಟಿಯಲ್ಲಿ ವಿದ್ಯುತ್ತು ಹರಿಸಿದವರ ಅಂಕಣ ಬಹುತೇಕ ಕಡೆ ಖಾಲಿ, ಅಥವಾ 'ತಿಳಿದುಬಂದಿಲ್ಲ'. ತನ್ನ ಹೆಸರನ್ನು ತಾನೇ ಅಲ್ಲಿಗೆ ಬರೆದುಕೊಟ್ಟವರು ಇವರೊಬ್ಬರೇ ಎಂದೆ. ಅದೇ ಸಭೆಯಲ್ಲಿ ಎರಡೂ ಹೆಸರುಗಳು ಪಟ್ಟಿಗೆ ಸೇರಿದವು. ಇಲ್ಲಿ ಅವರ ಹೆಸರನ್ನು ಬಿಟ್ಟದ್ದು ಇದಕ್ಕಾಗಿ: ಅದು ಎಲ್ಲಿ ಇರಬೇಕೋ ಅಲ್ಲಿ ಇದೆ. ನನ್ನ ಕೈಗೆ ಗೆಣ್ಣು ತಾಗಿಸಿದ, ರೊಟ್ಟಿ ತಟ್ಟಿದ ಮನುಷ್ಯನಿಗೆ ಈ ಪುಟಗಳಲ್ಲಿ ಆ ಹೆಸರಿಲ್ಲದೆಯೂ ಜಾಗವಿರಲಿ.

ಅಚ್ಚಾದ ಪಟ್ಟಿ ಈಗ ನನ್ನ ಎದುರಿಗಿದೆ. ಎಡಗಡೆಯ ಅಂಕಣದಲ್ಲಿ ಗೌರವ್ವ. ಬಲಗಡೆಯದರಲ್ಲಿ ಅವರು. ನಡುವೆ ಒಂದು ತೆಳು ಗೆರೆ. ಮದುವೆಯ ಲಗ್ನಪತ್ರಿಕೆಯಾದ ಮೇಲೆ ಆ ಎರಡು ಹೆಸರುಗಳು ಒಂದೇ ಸಾಲಿನಲ್ಲಿ ಅಚ್ಚಾದದ್ದು ಇದು ಎರಡನೆಯ ಸಲ.